ಬಂದದ್ದು ತಿಳಿಯುವ ಬಗೆ

ಅರಸೀಕೆರೆ ಜಂಕ್ಷನ್, ರೈಲ್ವೆ ಕ್ವಾರ್ಟರ್ಸ್, ಮನೆ ನಂಬರು ಹದಿನೇಳು.
ನೈಟ್ ಡ್ಯೂಟಿ ಮುಗಿಸಿ ಬೂಟು ಬಿಚ್ಚುತ್ತಿದ್ದೇನೆ.
ಭಾನುವಾರ, ಪೂರ್ವಿ ಆಗಲೇ ಎದ್ದಿದ್ದಾಳೆ. ಪರದೆಯಲ್ಲಿ
ಇಟ್ಟಿಗೆಯಂಥ ಗುಡ್ಡ, ಇಟ್ಟಿಗೆಯಂಥ ಮೋಡ,
ನಾಲ್ಕು ಮೂಲೆಯ ಸೂರ್ಯ,
ಗುಡ್ಡದ ಹೊಟ್ಟೆಯಲ್ಲೊಂದು ಕಬ್ಬಿಣದ ಬಾಗಿಲು.
"ಅಪ್ಪಾ, ಇಲ್ಲಿಗೆ ಯಾರು ಬಂದ್ರು ಅಂತ ಬಾಗಿಲಿಗೆ ಗೊತ್ತಾಗ್ಬೇಕು."

ಮೊದಲು ಹಾಕಿದ್ದು ಮರದ ಹಲಗೆ.
ತುಳಿದರೆ ತೆರೆಯುತ್ತದೆ, ಸರಿ;
ಕೈಜಾರಿ ಒಂದು ಕ್ಯಾರೆಟ್ಟು ಬಿದ್ದರೂ ತೆರೆಯುತ್ತದೆ.
ಆಮೇಲೆ ಕಲ್ಲಿನದು. ಕ್ಯಾರೆಟ್ಟಿಗೆ ಮಣಿಯಲಿಲ್ಲ,
ಕುರಿಗೆ ಮಣಿಯಿತು.
ಆಟದೊಳಗೆ ಬೆಳಗಾದಾಗ ಮನೆ ತುಂಬ ಕುರಿ,
ಹಾಸಿಗೆಯ ಮೇಲೂ ಒಂದು,
ಶುಕ್ರವಾರದ ಸಂತೆಯಲ್ಲಿ ಮಾರಾಟವಾಗದೆ ವಾಪಸು ಬಂದ ಹಾಗೆ.

ನನಗೆ ನಗು ತಡೆಯಲಿಲ್ಲ. ಅವಳು ಎರಡು ದಿನ ಮಾತಾಡಲಿಲ್ಲ.

ಕೆಂಪು ಪುಡಿ ಎಳೆಯುತ್ತಾಳೆ, ರಂಗೋಲಿಯ ಎಳೆಯಂತೆ.
ಹದಿನೈದು ಚೌಕ ನಡೆದರೆ ಸುಸ್ತಾಗುತ್ತದಂತೆ ಅದರ ಕರೆಂಟು,
ನಡುವೆ ಒಂದು ಕಲ್ಲಿಟ್ಟು ಉಸಿರು ತುಂಬಬೇಕು.
ನೋಡುವ ಕಲ್ಲು ಬೇರೆ ಇದೆ, ಮುಖವಿರುವುದು:
ಎದುರಿನದೇನಾದರೂ ಬದಲಾದರೆ ಒಂದೇ ಸಲ ಮಿಡಿಯುತ್ತದೆ,
ಇಲ್ಲವಾದರೆ ವರ್ಷಗಟ್ಟಲೆ ಹಾಗೇ.
ಅಂಥ ಇಬ್ಬರು ಮೂವರು ನಮ್ಮ ಆಫೀಸಿನಲ್ಲೂ ಇದ್ದಾರೆ.

ಪುಟ್ಟಾ, ನನ್ನದೂ ಇದೇ ಕೆಲಸ ಕಣೆ, ಎಂದೆ.
ಹಳಿಗೆ ಒಂದಿಷ್ಟು ಕರೆಂಟು ಬಿಟ್ಟಿರುತ್ತೇವೆ,
ಆ ತುದಿಯಲ್ಲಿ ರಿಲೇ ಅದನ್ನು ಹಿಡಿದು ಕೂತಿರುತ್ತದೆ.
ರೈಲು ಬಂತೋ, ಗಾಲಿಗಳೇ ಅದನ್ನು ಕುಡಿದುಬಿಡುತ್ತವೆ.
ರಿಲೇ ಕೈಬಿಡುತ್ತದೆ. ಸಿಗ್ನಲ್ಲು ಕೆಂಪು.
"ಅಂದ್ರೆ ಕರೆಂಟ್ ಹೋದ್ರೆ ಬಂತು ಅಂತಾನಾ? ಉಲ್ಟಾ!"
ಉಲ್ಟಾನೇ. ತಂತಿ ತುಂಡಾದರೂ ಕೆಂಪು,
ಬ್ಯಾಟರಿ ಸತ್ತರೂ ಕೆಂಪು.
ಗೊತ್ತಿಲ್ಲದಾಗ ಇದೆ ಅನ್ನಬೇಕು, ಇಲ್ಲ ಅನ್ನಬಾರದು.
ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ನನಗೆ ದಕ್ಕಿದ ವೇದಾಂತ ಇಷ್ಟೇ.

ನಿನ್ನೆ ರಾತ್ರಿ ಹಬ್ಬನಘಟ್ಟದ ಕಡೆ
ಎರಡು ಹಳಿ ಕೂಡುವ ಸಂದಿಗೆ ಬ್ರೇಕಿನ ಕಬ್ಬಿಣದ ಪುಡಿ ಕೂತು
ಬಾರದ ರೈಲನ್ನು ಬಂದಿದೆ, ಬಂದಿದೆ ಎಂದು
ಹಟ ಹಿಡಿದಿತ್ತು ಹಳಿ.
ಟಾರ್ಚು ಹಲ್ಲಲ್ಲಿ ಕಚ್ಚಿ ಬ್ರಶ್ಶಿನಿಂದ ಉಜ್ಜಿದೆ, ಎರಡೂವರೆಯ ತನಕ.
ಪುಡಿ ಈಗಲೂ ಉಗುರ ಸಂದಿಯಲ್ಲಿದೆ, ಕಪ್ಪಗೆ.

ಈ ಸಲ ಹಲಗೆಯೇ ಇಲ್ಲ. ಒಂದು ಗುಂಡಿ ಮಾತ್ರ.
ಎರಡು ಸಲ ಒತ್ತಿ, ತಡೆದು, ಇನ್ನೊಂದು ಸಲ.
ಬೇರೆ ಹೇಗೆ ಒತ್ತಿದರೂ ಲೆಕ್ಕ ಅಳಿಸಿ ಮೊದಲಿನಿಂದ.
ಗೋಡೆಯ ಹಿಂದೆ ತೋರಿಸಿದಳು:
ಎಣಿಸುವ ಸುತ್ತು, ತಡೆಯುವ ಸುತ್ತು, ನೆನಪಿಡುವ ಸುತ್ತು,
ಮೂರು ವಾರದ ಕೆಲಸ, ನಮ್ಮ ರಿಲೇ ರೂಮಿಗಿಂತ ಅಚ್ಚುಕಟ್ಟು.

ಎರಡು, ತಡೆದು, ಒಂದು.
ಈ ಬಡಿತ ನನಗೆ ಗೊತ್ತು.
ಎದುರು ಮನೆಯ ಗಾರ್ಡ್ ಮೆಹಬೂಬ್ ಸಾಬರ ಮಗಳು ಅಲ್ಫಿಯಾ
ಹೊಸಪೇಟೆಗೆ ವರ್ಗವಾಗುವ ಮುಂಚೆ
ದಿನಾ ಸಂಜೆ ನಮ್ಮ ಬಾಗಿಲಿಗೆ ಬಡಿಯುತ್ತಿದ್ದದ್ದು.
ಫೋನಿನಿಂದ ಇದೇ ಗುಡ್ಡಕ್ಕೆ ಬರುತ್ತೇನೆ ಎಂದಿದ್ದಳು.

"ಅಪ್ಪಾ, ಬಂದಿದ್ದು ಕಂಡುಹಿಡಿಯೋದು ಸುಲಭ.
ಬರದೇ ಇದ್ದಿದ್ದು ಕಂಡುಹಿಡಿಯೋದು ಹೇಗೆ?"

ಅದಕ್ಕೆ ಗಡಿಯಾರ ಬೇಕು ಎಂದೆ, ಸಿಗ್ನಲ್ಲಿನವನ ಹಾಗೆ.
ಇಷ್ಟು ಹೊತ್ತಿಗೆ ಬರಬೇಕಿತ್ತು ಅಂತ ಮೊದಲೇ ಗೊತ್ತಿದ್ದರೆ
ಬಾರದ್ದೂ ಒಂದು ಸಿಗ್ನಲ್ಲೇ.

"ಟೈಮ್ ಹೇಳಿಲ್ಲ ಅವಳು."

ಬಚ್ಚಲಲ್ಲಿ ಸೋಪು ಹಚ್ಚಿ ಉಗುರು ತಿಕ್ಕುತ್ತಿದ್ದೆ.
ಹಾಸನದ ಪ್ಯಾಸೆಂಜರು ದಾಟಿತು, ತಟ್ಟೆಗಳೆಲ್ಲ ಗಲಗಲ ಅಂದವು.
ಅದು ದೂರವಾದ ಮೇಲೆ ಕೇಳಿಸಿತು:
ಟಕ್ ಟಕ್. ತಡೆದು, ಟಕ್.
ಒದ್ದೆ ಕೈಯಲ್ಲೇ ಓಡಿಬಂದೆ.

"ಟೆಸ್ಟಿಂಗ್," ಅಂದಳು, ತಿರುಗದೆ.